ತಾನೇ ಉದುರಿದ ಗರಿ

“ಏನೇ ಮುಂಡೇದೆ, ಎಡರೆಕ್ಕೆ ಗರೀನ ಬಲರೆಕ್ಕೆ ಬುಟ್ಟಿಗೆ ಹಾಕಿದೀಯಲ್ಲ, ಕಣ್ಣೇನು ಗಂಡನ ಚಿತೆಗೆ ಹಾಕಿ ಬಂದ್ಯಾ?”

ನಿಮಾಯ್ ಧಾಡಾ ಬುಟ್ಟಿಯನ್ನು ಅಂಗೂರ್ ಮಾಶಿಯ, ನಮ್ಮೆಲ್ಲರ ಚಿಕ್ಕಮ್ಮನ, ತಲೆಯ ಮೇಲೆ ಕವುಚಿದ. ಬಿಳಿ ಗರಿಗಳು ಅವಳ ನರೆಗೂದಲಿಗೆ ಸಿಕ್ಕಿಕೊಂಡವು. ಒಂದು ಬ್ಯಾಡ್ಮಿಂಟನ್ ಶಟಲ್‌ಗೆ ಹದಿನಾರು ಗರಿ, ಹದಿನಾರೂ ಒಂದೇ ಕಡೆಯ ರೆಕ್ಕೆಯವು. ಒಂದು ತಪ್ಪಿದರೂ ಅದು ಗಾಳಿಯಲ್ಲಿ ಕುಡುಕನ ಹಾಗೆ ಓಲಾಡುತ್ತದೆ. ಮಾಶಿ ತಲೆ ಕೊಡವಲಿಲ್ಲ. ಮೊಣಕಾಲ ನಡುವೆ ಬಾತುಕೋಳಿ ಒದರುತ್ತಿತ್ತು, ಎರಡೂ ಕೈ ಅದರ ಮೇಲಿದ್ದವು.

“ಕಣ್ಣು ನೆಟ್ಟಗೇ ಅದಾವೆ ಬಾಬು. ಇದು ಕಚ್ತು, ಕೈ ತಪ್ತು.”

“ಕಚ್ದೆ ಮುದ್ದಾಡ್ತದಾ? ಕೀಳು!”

ಬಂಗಾಳದ ದಾಮೋದರ ನದಿಯ ದಂಡೆಯ ಆ ಅಂಗಳದಲ್ಲಿ ಗರಿ ಕೀಳುವವರು ನಾವು ಹನ್ನೊಂದು ಹೆಂಗಸರು, ಎಲ್ಲ ಕೆಳಜಾತಿಯ ಬಾಗ್ದಿ ಕೇರಿಯವರು. ಒಡೆಯ ನಿಮಾಯ್ ಧಾಡಾ, ನಮಗೆ ಧಾಡಾಬಾಬು, ತುಳಸಿಮಣಿ ಕಟ್ಟಿದ ವೈಷ್ಣವ. ಅವನ ಅಡುಗೆಮನೆಗೆ ಈರುಳ್ಳಿಯೂ ಬರುವಂತಿಲ್ಲ, ಅವನ ಅಂಗಳದಲ್ಲಿ ಒಂದು ಜೀವವೂ ಹೋಗುವಂತಿಲ್ಲ. ಸತ್ತ ಬಾತು ಒಂದೇ ಸಲ ಗರಿ ಕೊಡುತ್ತದೆ, ಬದುಕಿದ್ದು ಮತ್ತೆ ಮತ್ತೆ ಕೊಡುತ್ತದೆ. ಹಾಗಾಗಿ ಅವನ ಧರ್ಮಕ್ಕೂ ದಂಧೆಗೂ ಎಂದೂ ಜಗಳವಾಗಲಿಲ್ಲ. ಏಕಾದಶಿಯ ದಿನ ಕೀಳುವ ಕೆಲಸ ಬಂದ್. ಅಂದು ನಮ್ಮ ಒಲೆಗಳಿಗೂ ಏಕಾದಶಿ.

ಬುಟ್ಟಿ ಕವುಚಿದ ಆ ದಿನ ಮಾಶಿ ಹಿಡಿದಿದ್ದ ಬಾತಿನ ಗರಿ ಕೀಳುತ್ತಿದ್ದುದು ಅದು ಮೂರನೇ ಸಲ. ಒಂದು ಗರಿಯ ಜೊತೆ ಚರ್ಮವೂ ಕಿತ್ತು ಬಂತು. ಬಾತು ಬಾಯಿ ತೆರೆದೇ ಕತ್ತು ಚೆಲ್ಲಿತು.

“ಕೊಂದ್ಲು!” ಧಾಡಾಬಾಬು ಕಿವಿ ಮುಚ್ಚಿಕೊಂಡ. “ನನ್ನ ಅಂಗಳದಾಗೆ ಜೀವಹತ್ಯೆ! ಗೋಸಾಯಿಗಳನ್ನ ಕರೀರಿ!”

ಅವನ ಗುರು ಗೋಸಾಯಿಗಳು ಸಂದೇಶ್ ಮಿಠಾಯಿ ಚಪ್ಪರಿಸುತ್ತಲೇ ಬಂದರು. ಸತ್ತ ಬಾತನ್ನು ನೋಡಿ ಮೂಗು ಮುಚ್ಚಿದರು. ಕೊಂದವಳು ಸಗಣಿನೀರು ಕುಡಿದು, ದೇವರ ಮನೆಯ ಮೆಟ್ಟಿಲವರೆಗೆ ಮೂಗಿನಿಂದ ನೆಲ ಉಜ್ಜಬೇಕು; ಮೆಟ್ಟಿಲು ಮಾತ್ರ ಮುಟ್ಟಕೂಡದು ಎಂದರು.

ಮಾಶಿ ಗೋಸಾಯಿಗಳನ್ನೇ ಕೇಳಿದಳು: “ಠಾಕೂರರೆ, ಸತ್ತಿದ್ದಕ್ಕೆ ಇದಾಯ್ತು. ಸಾಯ್ದಂಗೆ ಕೀಳೋದಕ್ಕೆ ಏನು ಪ್ರಾಯಶ್ಚಿತ್ತ?”

“ಅದು ಕ್ಷೌರ ಕಣೇ. ಕ್ಷೌರಕ್ಕೆಲ್ಲಿಯ ಪಾಪ?”

ಐವತ್ತೈದರ ಹೆಂಗಸು ಅಂಗಳದುದ್ದಕ್ಕೂ ತೆವಳಿದಳು. ಎದ್ದಾಗ ಮೂಗಿನ ತುದಿಯ ಚರ್ಮ ಇರಲಿಲ್ಲ. ಸತ್ತ ಬಾತನ್ನು ಸಂಜೆ ಧಾಡಾಬಾಬು ನಮ್ಮ ಕೇರಿಗೇ ಕಳಿಸಿದ, “ನೀವು ಹೆಂಗೂ ತಿನ್ನೋ ಜಾತಿ” ಎಂದು. ಮಾಶಿ ಅದನ್ನು ಹೂತಳು.

ನಾಲ್ಕು ದಿನದ ಮೇಲೆ, ಬಾತುಗಳಿಗೆ ಹಿಂಸೆ ಇದೆಯೋ ಎಂದು ನೋಡಲು ಶಟಲ್ ಕೊಳ್ಳುವ ವಿದೇಶಿ ಕಂಪನಿಯವರ ತಪಾಸಣೆ ಎಂದು ಸುದ್ದಿ ಬಂತು. ಧಾಡಾಬಾಬು ನಮ್ಮನ್ನು ಸಾಲಾಗಿ ಕೂರಿಸಿ ಪಾಠ ಹೇಳಿದ.

“ಖೆಂತಿ, ಗರಿ ಎಲ್ಲಿಂದ ಬರ್ತಾವೆ?”

“ತಾನೇ ಉದುರ್ತಾವೆ ಬಾಬು, ನಾವು ಕೊಳದ ದಂಡೇಲಿ ಆಯ್ತೀವಿ,” ಎಂದೆ.

“ಅಳೋ ಮುಖ ಬ್ಯಾಡ, ನಗ್ತಾ ಹೇಳು.”

“ಬಾತೂ ನಗ್ತಾ ಉದುರಿಸ್ತದೆ ಅನ್ನಾಣ್ವಾ?” ಎಂದಳು ಮಾಶಿ. ನಾವು ಸೆರಗು ಬಾಯಿಗೆ ಒತ್ತಿಕೊಂಡೆವು.

ಗರಿ ಕಿತ್ತ ಬಾತುಗಳನ್ನೆಲ್ಲ ನಮ್ಮ ಗುಡಿಸಲುಗಳಿಗೆ ತುಂಬಿ ಹೊರಗಿನಿಂದ ಅಗುಳಿ ಹಾಕಿಸಿದ. ಅಂಗಳದಲ್ಲಿ ಉಳಿದವು ಬೇರೆ ಊರಿಂದ ತರಿಸಿದ, ರೆಕ್ಕೆ ತುಂಬಿದ ಹನ್ನೆರಡು ಬಾತುಗಳು. ಒಂದೊಂದರ ಹಣೆಗೂ ಚಂದನ.

ಕಾರಿನಿಂದಿಳಿದ ಕಂಪನಿಯ ಮೇಡಂ ಬಿಳಿ ಹತ್ತಿ ಸೀರೆ ಉಟ್ಟಿದ್ದರು. ಚಂದನದ ಬಾತುಗಳನ್ನು ಕಂಡು ಅವರ ಕಣ್ಣು ತುಂಬಿತು. ನಮ್ಮ ಬೆರಳುಗಳ ಕೀವು ಅವರಿಗೆ ಕಾಣಲಿಲ್ಲ. ಧಾಡಾಬಾಬು ನಮಗೆ ಹೊಸ ಕೈಗವಸು ತೊಡಿಸಿದ್ದ.

“ಎಷ್ಟು ಸುಖವಾಗಿವೆ! ಅಮ್ಮಾ, ನೀವು ಗರಿ ಹೇಗೆ ಆಯ್ತೀರಿ, ತೋರಿಸ್ತೀರಾ?” ಎಂದು ಮಾಶಿಯನ್ನು ಕೇಳಿದರು.

“ತೋರಿಸ್ತೀನಿ ತಾಯಿ.”

ಮಾಶಿ ಕೇರಿಯತ್ತ ನಡೆದು ತನ್ನ ಗುಡಿಸಲಿನ ಅಗುಳಿ ತೆಗೆದಳು. ರೆಕ್ಕೆ ಬೋಳಾದ ಅರವತ್ತು ಬಾತುಗಳು ರಕ್ತದ ಕಲೆ ಹೊತ್ತು ಅಂಗಳಕ್ಕೆ ನುಗ್ಗಿ ಬಂದವು.

“ಅವಕ್ಕೆ ರೋಗ ಮೇಡಂ!” ಧಾಡಾಬಾಬು ಕಿರುಚಿದ. “ಬೇರ್ಪಡಿಸಿ ಇಟ್ಟಿದ್ವಿ!”

“ರೋಗ ಅಲ್ಲ ತಾಯಿ, ನಾನು. ಹತ್ತೊಂಬತ್ತು ವರ್ಷದಿಂದ ಕೀಳ್ತಿರೋಳು ನಾನು.”

ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. “ನಿನಗೆ ಕರುಣೆ ಇಲ್ವಾ?” ಎಂದು ಫಾರಂ ತೆಗೆದರು. “ತಪ್ಪಿತಸ್ಥರ ಹೆಸರು?”

“ಅಂಗೂರ್‌ಬಾಲಾ ಬಾಗ್ದಿ. ಬರ್ಕಳಿ.”

“ಇಂಥ ಪಾಪಿ ನನ್ನ ಅಂಗಳದಾಗಿದ್ಲು, ನಂಗೇ ಗೊತ್ತಿರ್ಲಿಲ್ಲ!” ಧಾಡಾಬಾಬು ಕೈ ಮುಗಿದ. “ಈಗಲೇ ಓಡಿಸ್ತೀನಿ.”

ನಾನು ಕೈಗವಸು ಕಿತ್ತು ಎಸೆದು ಮುಂದೆ ಬಂದೆ. “ಖೆಂತಿ ಬಾಗ್ದಿ. ನಂದೂ ಬರ್ಕಳಿ. ಕೀಳ್ಸಿದೋನು ನಿಮಾಯ್ ಧಾಡಾ. ಅದನ್ನೂ ಬರ್ಕಳಿ.” ನನ್ನ ಹಿಂದೆ ಒಬ್ಬೊಬ್ಬಳೂ ತನ್ನ ಹೆಸರು ಕೂಗತೊಡಗಿದಳು.

ಮೇಡಂ ಪೆನ್ನು ನಿಂತಿತು. “ಇದರಲ್ಲಿ ಒಂದೇ ಹೆಸರಿಗೆ ಜಾಗ ಇರೋದು,” ಎಂದರು. ಮಾಶಿಯ ಹೆಸರನ್ನೇ ಉಳಿಸಿಕೊಂಡು ಫಾರಂ ಮಡಚಿ ಕಾರು ಹತ್ತಿದರು.

ಕಾರು ಹೊರಡುವ ಮುಂಚೆ ಮಾಶಿ ಒಂದು ಬಾತನ್ನು ಎತ್ತಿ, ಕಿಟಕಿಯೊಳಗೆ ಕೈ ತೂರಿಸಿ, ಮೇಡಂ ಮಡಿಲಿಗೆ ಇಟ್ಟಳು.

“ಗಟ್ಟಿಯಾಗಿ ಹಿಡ್ಕಳಿ ತಾಯಿ. ಒದರ್ತದೆ.”

ಒಳಗಿನಿಂದ ಕಿರುಚಿದ್ದು ಬಾತೋ ಮೇಡಮ್ಮೋ ತಿಳಿಯಲಿಲ್ಲ. ಡ್ರೈವರ್ ಬೆದರಿ ಗಾಡಿ ಓಡಿಸಿದ.

“ಮೇಡಂ! ನನ್ನ ಬಾತು! ಮೇಡಂ!” ಪಂಚೆ ಎತ್ತಿಕಟ್ಟಿಕೊಂಡು ಧಾಡಾಬಾಬು ಕಾರಿನ ಹಿಂದೆ ಓಡಿದ. ಧೂಳಿನಲ್ಲಿ ಅವನು ಮರೆಯಾಗುವವರೆಗೂ ನಾವು ನೋಡಿದೆವು. ಆಮೇಲೆ ಉಳಿದ ಗುಡಿಸಲುಗಳ ಅಗುಳಿಗಳನ್ನೂ ತೆಗೆದೆವು.