ಚಾಚಿದ ಮುಂಗಾಲು

ಬದರಿಯವರು ಯಾವ ಕೋಣೆಯನ್ನೂ ಸದ್ದಿಲ್ಲದೆ ಹೊಕ್ಕವರಲ್ಲ. ಬಾಗಿಲಿದ್ದರೆ ಬಾಗಿಲಿಗೆ, ಇಲ್ಲದಿದ್ದರೆ ಗೋಡೆಗೆ, ಗೋಡೆಯೂ ಇಲ್ಲದ ಪಿಕ್ನಿಕ್ ಚಪ್ಪರದಲ್ಲಿ ಅದರ ಕಂಬಕ್ಕೆ, ಬೆರಳ ಗೆಣ್ಣಿನಿಂದ ಎರಡು ಸಲ ಮೆಲ್ಲಗೆ ತಟ್ಟಿ, "ಬಂದೆ, ಬಂದೆ" ಎಂದು ತಗ್ಗಿದ ದನಿಯಲ್ಲಿ ಹೇಳಿಕೊಂಡೇ ಒಳಗೆ ಕಾಲಿಡುತ್ತಿದ್ದರು. ನಡಿಗೆಯಲ್ಲೂ ಅದೇ ಎಚ್ಚರ. ಹೆಜ್ಜೆ ಎತ್ತಿಡದೆ ನೆಲಕ್ಕೆ ಸವರಿಕೊಂಡು, ಎರಡೂ ಅಂಗೈಗಳನ್ನು ಎದುರಿನವರಿಗೆ ಕಾಣುವಂತೆ ಕೊಂಚ ತೆರೆದುಕೊಂಡು, ಯಾವ ತಿರುವಿನಲ್ಲೂ ಥಟ್ಟನೆ ತಿರುಗದೆ ಬರುವ ಆ ಎತ್ತರದ, ಬಾಗಿದ ಆಕೃತಿಯನ್ನು ಕಂಡರೆ, ಮಲಗಿರುವ ಮಗುವೊಂದನ್ನು ದಾಟಿ ಬರುತ್ತಿದ್ದಾರೇನೋ ಅನ್ನಿಸುತ್ತಿತ್ತು. ಈ ಪರದೇಶದಲ್ಲಿ, ಮೆಟುಚೆನ್ನಿನ ನಮ್ಮ ಬೀದಿಯಲ್ಲಿ ಇದನ್ನು ಎಲ್ಲರೂ ಸಂಕೋಚವೆಂದೇ ತಿಳಿದಿದ್ದೆವು. ಅದು ವೃತ್ತಿ ಕಲಿಸಿದ ಅಭ್ಯಾಸವೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದಿ ಬಂದ ಬದರಿಯವರು, ರಾರಿಟನ್ ನದಿಯಾಚೆ ಇದ್ದ ಔಷಧ ಕಂಪನಿಯೊಂದರ ಪ್ರಾಣಿಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ವೈದ್ಯರಾಗಿದ್ದರು. ಏನು ಕೆಲಸ ಎಂದು ಕೇಳಿದವರಿಗೆ "ಫಾರ್ಮಾ" ಎನ್ನುತ್ತಿದ್ದರು. ಮೂವರಲ್ಲಿ ಒಬ್ಬ ಕನ್ನಡಿಗ ಫಾರ್ಮಾದಲ್ಲಿರುವ ಈ ಸೀಮೆಯಲ್ಲಿ ಎರಡನೆಯ ಪ್ರಶ್ನೆ ಏಳುತ್ತಿರಲಿಲ್ಲ. ಹೊಸ ಔಷಧ ಮನುಷ್ಯರ ನಾಲಗೆಗೆ ಬರುವ ಮೊದಲು ಅದನ್ನು ಸಹಿಸಿ ತೋರಿಸಬೇಕಾಗಿದ್ದ ಬೀಗಲ್ ನಾಯಿಗಳು ಅಲ್ಲಿದ್ದವು. ಅದಕ್ಕೆಂದೇ ಹುಟ್ಟಿಸಿದವು, ಕಿವಿಯೊಳಗೆ ಹಚ್ಚೆಯಲ್ಲಿ ಒಂದು ಸಂಖ್ಯೆಯನ್ನು ಹೊತ್ತವು. ಅವು ಬೆಚ್ಚದಿರಲೆಂದೇ ಈ ಬಾಗಿಲು ತಟ್ಟುವಿಕೆ, ಈ ತಗ್ಗಿದ ದನಿ. ಅವುಗಳ ಹಲ್ಲು, ಹೊಟ್ಟೆ, ನಿದ್ದೆಯನ್ನು ನೋಡಿಕೊಂಡವರೂ ಅವರೇ, ಪ್ರಯೋಗ ಮುಗಿದ ದಿನ ಕೊನೆಯ ಸೂಜಿ ಹಾಕಿದವರೂ ಅವರೇ. "ಹೆಸರಿಟ್ಟರೆ ಕೈ ನಡುಗತ್ತೆ ಅಂತ ನಮ್ಮ ಸೀನಿಯರ್ ಹೇಳಿದ್ರು. ನಾನು ಒಂದಕ್ಕೂ ಹೆಸರಿಡಲಿಲ್ಲ," ಎಂದು ರೈಲು ನಿಲ್ದಾಣದ ಬೆಂಚಿನ ಮೇಲೆ ಒಮ್ಮೆ ಹೇಳಿದ್ದರು. ರೈಲು ಬಂದು ಎದ್ದು ನಿಂತ ಮೇಲೆ, "ಆದ್ರೂ ನಡುಗ್ತಿತ್ತು," ಎಂದರು.

ಅವರು ನಿವೃತ್ತರಾದ ವರ್ಷವೇ ಕಂಪನಿ ಆ ವಿಭಾಗವನ್ನು ಮುಚ್ಚಿತು. ಉಳಿದ ಆರೋಗ್ಯವಂತ ನಾಯಿಗಳನ್ನು ಸಾಕುವವರಿಗೆ ಕೊಡುವುದೆಂದಾಯಿತು. ಎಳೆಯವನ್ನೆಲ್ಲ ಜನ ಒಯ್ದರು. ಆರು ವರ್ಷದ ಒಂದು ಗಂಡು ಉಳಿಯಿತು, ಅದನ್ನು ಬದರಿಯವರು ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಹಾಸಿ ಮನೆಗೆ ತಂದರು. ಪತ್ನಿ ಪದ್ಮಜಾ ಮೈಸೂರಿನವರು, ಮಡಿಯ ಮನೆಯಲ್ಲಿ ಬೆಳೆದವರು. "ದೇವರ ಮನೆ ಹತ್ರ ಬಂದ್ರೆ ನಾನು ಸುಮ್ಮನಿರಲ್ಲ," ಎಂದು ಮೊದಲೇ ಎಚ್ಚರಿಸಿದರು. ಹೋಬೋಕನ್ನಿನಿಂದ ವಾರಾಂತ್ಯಕ್ಕೆ ಬಂದ ಮಗಳು ಅವನಿ, ಹೆಸರೇನೆಂದು ಕೇಳಿದಳು. ಬದರಿಯವರು ಕಿವಿಯ ಸಂಖ್ಯೆಯನ್ನು ಹೇಳಿದರು.

"ಅಪ್ಪಾ, ಯು ಕಾಂಟ್ ಕಾಲ್ ಹಿಮ್ ದಟ್."

"ಮತ್ತೇನಂತ ಕರೀಲಿ? ನನಗೆ ಬರಲ್ಲ ಅದು."

ಅವರೆಕಾಯಿ ಬಿಡಿಸುತ್ತಿದ್ದ ಪದ್ಮಜಾ ತಲೆಯೆತ್ತದೆ, "ಚಿನ್ನಪ್ಪ ಅನ್ನಿ," ಎಂದರು.

ಚಿನ್ನಪ್ಪ ಆರು ವರ್ಷದಲ್ಲಿ ಆಕಾಶವನ್ನು ಕಂಡವನಲ್ಲ. ಹಿತ್ತಿಲಿನ ಹುಲ್ಲಿನ ಮೇಲೆ ಇಳಿಸಿದಾಗ ಕಾದ ಹೆಂಚಿನ ಮೇಲೆ ನಿಂತವನಂತೆ ಒಂದೊಂದೇ ಪಾದವನ್ನು ಎತ್ತೆತ್ತಿ ನೋಡಿದನು. ಮೆಟ್ಟಿಲೆಂದರೇನೆಂದು ತಿಳಿಯದೆ ಮೊದಲ ವಾರವಿಡೀ ಮಹಡಿಯ ಅಂಚಿನಲ್ಲಿ ನಡುಗುತ್ತ ಕುಳಿತ. ಅವನಿಗೆ ಇಳಿಯುವುದನ್ನು ಕಲಿಸಲೆಂದು ಅರವತ್ತನಾಲ್ಕರ ಬದರಿಯವರು, ಮಂಡಿನೋವನ್ನು ಲೆಕ್ಕಿಸದೆ, ಮಗುವಿನಂತೆ ಒಂದೊಂದೇ ಮೆಟ್ಟಿಲಿಗೆ ಕುಳಿತು ಜಾರಿ ಇಳಿದು, ಮತ್ತೆ ಹತ್ತಿ, ಮತ್ತೆ ಇಳಿದು ತೋರಿಸಿದ್ದನ್ನು ಪದ್ಮಜಾ ನಗುತ್ತ, ಕಣ್ಣೊರೆಸಿಕೊಳ್ಳುತ್ತ ನಮಗೆ ಹೇಳುತ್ತಿದ್ದರು. ಬಿಳಿಯ ಬಟ್ಟೆ ಕಂಡರೆ ಚಿನ್ನಪ್ಪ ಮೂಲೆ ಸೇರುತ್ತಿದ್ದ. ಬದರಿಯವರು ತಮ್ಮ ಬಿಳಿ ಅಂಗಿ, ಬಿಳಿ ಪಂಚೆಗಳನ್ನೆಲ್ಲ ಮೂಟೆ ಕಟ್ಟಿ ಯಾರಿಗೋ ಕೊಟ್ಟು, ಮಣ್ಣಿನ ಬಣ್ಣದ, ಮೊಣಕೈ ಸವೆದ ಒಂದು ಸ್ವೆಟರನ್ನು ಬೇಸಿಗೆಯಲ್ಲೂ ತೊಡತೊಡಗಿದರು. ಅವರ ಮನೆಯ ಸತ್ಯನಾರಾಯಣ ಪೂಜೆಗೆ ಅವರು ಕಾವಿ ಬಣ್ಣದ ಪಂಚೆಯುಟ್ಟು ಕುಳಿತಾಗ ಯಾರೋ, "ಏನ್ ಬದರಿ, ಸನ್ಯಾಸ ತಗೊಂಡ್ರಾ?" ಎಂದು ಕೆಣಕಿದರು. "ಅರ್ಧ," ಎಂದು ಅವರು ನಕ್ಕರು.

ಆ ಪೂಜೆಯ ಮಧ್ಯಾಹ್ನವೇ ನಡೆದದ್ದು ಇದು. ಊಟವಾದ ಮೇಲೆ ಬದರಿಯವರು ಎಂದಿನಂತೆ ತಟ್ಟಿ, "ಬಂದೆ" ಎಂದು ಒಳಕೋಣೆಗೆ ಹೋದರು. ಹಾಸಿಗೆಯ ಮೇಲಿದ್ದ ಚಿನ್ನಪ್ಪ ಎದ್ದು ಕುಳಿತು, ಮುಖವನ್ನು ಬೇರೆ ಕಡೆ ತಿರುಗಿಸಿ, ಬಲ ಮುಂಗಾಲನ್ನು ನೀಟಾಗಿ ಅವರ ಮುಂದೆ ಚಾಚಿದನು. ಹಿಂದೆಯೇ ಬಂದಿದ್ದ ಪಕ್ಕದ ಮನೆಯ ಸುಪ್ರಿಯಾ ಚಪ್ಪಾಳೆ ತಟ್ಟಿದಳು.

"ಅಯ್ಯೋ, ಎಷ್ಟು ಸ್ವೀಟಾಗಿ ಶೇಕ್ ಹ್ಯಾಂಡ್ ಕೊಡತ್ತೆ! ಯಾರು ಟ್ರೇನ್ ಮಾಡಿದ್ದು ಅಂಕಲ್?"

"ನಾನೇ ಕಣಮ್ಮ," ಎಂದರು ಬದರಿಯವರು. ಚಾಚಿದ ಕಾಲನ್ನು ಎರಡೂ ಕೈಯಿಂದ ಹಿಡಿದು ನಿಧಾನವಾಗಿ ಹಾಸಿಗೆಯ ಮೇಲಿಟ್ಟು, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತರು.

ಅತಿಥಿಗಳು ಹೋದಮೇಲೆ, ಪಾತ್ರೆ ಒರೆಸುತ್ತಿದ್ದ ಹೆಂಡತಿಗೆ ಅವರು ಮೊದಲ ಬಾರಿ ಎಲ್ಲವನ್ನೂ ಹೇಳಿದರು. ರಕ್ತ ತೆಗೆಯುವುದು ಮುಂಗಾಲಿನಿಂದ. ತಪ್ಪಿಸಿಕೊಳ್ಳಲಾಗದೆಂದು ಅರಿತ ನಾಯಿ, ಬಾಗಿಲು ತಟ್ಟಿದ ಸದ್ದಿಗೇ ಕಾಲು ಚಾಚುವುದನ್ನು ಕಲಿಯುತ್ತದೆ. ಮುಖ ತಿರುಗಿಸುವುದು ಸೂಜಿಯನ್ನು ನೋಡಲಾರದೆ. ಪದ್ಮಜಾ ಒರೆಸುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟರು.

"ಹಾಗಾದ್ರೆ ಅದು ನಿಮ್ಮನ್ನ ಗುರುತು ಹಿಡಿದಿದೆ ಅನ್ನಿ."

"ಹಿಡಿದಿದೆ. ಅದಕ್ಕೇ ಕೊಡತ್ತೆ. ನಿನಗೆ ಯಾವತ್ತಾದ್ರೂ ಕಾಲು ಕೊಟ್ಟಿದೆಯಾ?"

ಕೊಟ್ಟಿರಲಿಲ್ಲ. ಪದ್ಮಜಾ ಕಂಡರೆ ಚಿನ್ನಪ್ಪ ಬಾಲವಾಡಿಸುತ್ತಿದ್ದ, ದೇವರ ಮನೆಯ ಹೊಸ್ತಿಲಿನ ಈಚೆ ಅವರ ಸೆರಗಿನ ತುದಿಯ ಮೇಲೆ ಗಲ್ಲವೂರಿ ಮಂತ್ರ ಮುಗಿಯುವತನಕ ಮಲಗುತ್ತಿದ್ದ. ಬದರಿಯವರಿಗೆ ಅವನು ಕೊಟ್ಟದ್ದು ವಿಧೇಯತೆಯೊಂದನ್ನೇ. ಅಂದಿನಿಂದ ಅವರು ಮನೆಯಲ್ಲಿ ಬಾಗಿಲು ತಟ್ಟುವುದನ್ನು ಬಿಡಲು ಹೆಣಗಿದರು, ಆದರೆ ಕೈ ಕೇಳಲಿಲ್ಲ. ಬೆರಳು ತಾನಾಗಿ ಮಡಿಚಿಕೊಳ್ಳುತ್ತಿತ್ತು. ತಟ್ಟದೆ ಹೋದ ದಿನ ನಾಯಿ ಬೆಚ್ಚಿಬಿದ್ದು ಇನ್ನೂ ಬೇಗ ಕಾಲು ಚಾಚಿತು. ಆದ್ದರಿಂದ ಬೇರೆ ದಾರಿ ಹಿಡಿದರು. ಪ್ರತಿದಿನ ಬೆಳಗ್ಗೆ ನೆಲದ ಮೇಲೆ ಅವನೆದುರು ಕುಳಿತು, ಅವನು ಚಾಚಿದ ಕಾಲನ್ನು ಹಿಡಿದು, ಒಮ್ಮೆ ಸವರಿ, "ಬೇಡಪ್ಪ, ಇನ್ನು ಬೇಡ," ಎಂದು ಕೆಳಗಿಡುವುದು. ಒಂದು ತಿಂಗಳಲ್ಲ, ಎರಡಲ್ಲ, ಮೂರು ವರ್ಷ. ಒಂದು ಸಲವಾದರೂ ಅವನು ನಾಲ್ಕೂ ಕಾಲುಗಳನ್ನು ನೆಲದಲ್ಲೂರಿ ಸುಮ್ಮನೆ ತಮ್ಮ ಬಳಿಗೆ ಬರಬೇಕೆಂಬುದಷ್ಟೇ ಅವರ ಆಸೆಯಾಗಿತ್ತು. ಸಂಬಳ, ಗ್ರೀನ್ ಕಾರ್ಡ್, ಮನೆ, ಮಗಳ ಓದು, ಯಾವುದಕ್ಕೂ ಅವರು ಇಷ್ಟು ದೈನ್ಯದಿಂದ ಕಾದವರಲ್ಲ.

ನಾಲ್ಕನೆಯ ವರ್ಷ ಚಿನ್ನಪ್ಪನ ಮೂತ್ರಪಿಂಡ ಸೋತಿತು. ಎಳೆಯ ವಯಸ್ಸಿನಲ್ಲಿ ಅವನ ಮೇಲೆ ನಡೆದ ಪ್ರಯೋಗದ ಫಲವೋ, ಬರಿಯ ಮುಪ್ಪೋ, ಬದರಿಯವರು ಹೇಳಬಲ್ಲವರಾಗಿದ್ದರೂ ಹೇಳಲಿಲ್ಲ. ಕೊನೆಯ ವಾರ ಅವನು ಕಾಲೆತ್ತಲಾರದಷ್ಟು ಕುಸಿದಿದ್ದ. ಒಂದು ಬೆಳಗ್ಗೆ ಅಡುಗೆಮನೆಯ ನೆಲದ ಮೇಲೆ ತೆವಳಿಕೊಂಡು ಬಂದು, ಅವರ ಪಾದದ ಮೇಲೆ ತಲೆಯಿಟ್ಟು ಮಲಗಿದನು. ಅವರು ಒಂದು ಗಂಟೆ ಅಲುಗಾಡದೆ ನಿಂತಿದ್ದರಂತೆ. "ಅದು ಪ್ರೀತಿಯೋ, ಬರೀ ನಿಶ್ಶಕ್ತಿಯೋ, ನನಗೆ ಗೊತ್ತಾಗಲಿಲ್ಲ," ಎಂದು ನನಗೆ ಹೇಳಿದರು. "ಪದ್ಮ ಪ್ರೀತಿ ಅಂತಾಳೆ. ಅವಳು ಡಾಕ್ಟರಲ್ಲ, ಅಂದ್ಕೋಬಹುದು."

ಮರುದಿನ ಹನ್ನೊಂದಕ್ಕೆ ಊರಿನ ಪಶುವೈದ್ಯೆಯ ಬಳಿ ಅವನ ನೋವನ್ನು ಮುಗಿಸುವುದೆಂದು ನಿಶ್ಚಯವಾಗಿತ್ತು. ಬದರಿಯವರು ಹೊಸ್ತಿಲಲ್ಲಿ ಕುಳಿತು ಶೂ ದಾರ ಕಟ್ಟುತ್ತಿದ್ದಾಗ ಒಳಗಿಂದ ಪದ್ಮಜಾ, "ರೀ, ಬನ್ನಿ ಇಲ್ಲಿ," ಎಂದು ಕರೆದರು. ಆ ದನಿಯಲ್ಲೇ ಎಲ್ಲ ಇತ್ತು. ಅವರು ಹೋಗುವಷ್ಟರಲ್ಲಿ ಪದ್ಮಜಾ ಅವನ ಬಾಯಿಗೆ ದೇವರ ಮನೆಯ ಗಂಗೆಯನ್ನು ಬಿಡುತ್ತಿದ್ದರು. ಚಿನ್ನಪ್ಪ ಸೂಜಿಯ ಹಂಗಿಲ್ಲದೆ ಹೋಗಿದ್ದ.

ಇನ್ನೊಂದು ತಗೊಳ್ಳಿ ಎಂದರು ಬೀದಿಯವರು. ಅವರು ತಗೊಳ್ಳಲಿಲ್ಲ. ಆ ವರ್ಷದ ಮಹಾಲಯ ಅಮಾವಾಸ್ಯೆಗೆ ದೇವಸ್ಥಾನದಲ್ಲಿ ಪಿತೃಗಳಿಗೆ ಎಳ್ಳುನೀರು ಬಿಡಲು ಸಾಲಾಗಿ ಕುಳಿತಾಗ ನಾನು ಅವರ ಪಕ್ಕದಲ್ಲಿದ್ದೆ. ತಂದೆ, ತಾತ, ಮುತ್ತಾತಂದಿರ ಹೆಸರುಗಳು ಮುಗಿದಮೇಲೆ ಅವರು ಪುರೋಹಿತರನ್ನು ಮೆಲ್ಲಗೆ ಕರೆದರು.

"ನಾಯಿಗೆ ಬಿಡಬಹುದಾ?"

ಉಡುಪಿ ಕಡೆಯ ಎಳೆಯ ಪುರೋಹಿತರು ತಬ್ಬಿಬ್ಬಾದರು. "ಅದಕ್ಕೆ ವಿಧಿ ಅಂತ ಇಲ್ಲ ಸರ್. ಆದ್ರೆ ಕೊನೆಗೆ ಯಾರೂ ಇಲ್ಲದವರಿಗೆ, ತಾಯಿ ತಂದೆ ಬಂಧು ಯಾರೂ ಇಲ್ಲದವರಿಗೆ ಅಂತ ಒಂದುಂಟು. ಅದರಲ್ಲಿ ಸೇರಿಸಿಕೊಳ್ಳಿ."

"ಎಷ್ಟು ಸಲ ಬಿಡಬೇಕು?"

"ಮೂರು ಸಲ ಸಾಕು."

"ಮೂರು ಸಾಲೋದಿಲ್ಲ," ಎಂದರು ಬದರಿಯವರು.

ಪುರೋಹಿತರು ಅವರ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ ಪಂಚಪಾತ್ರೆಯನ್ನು ತುಂಬಿಸಿಟ್ಟು ಮುಂದಿನ ಸಾಲಿಗೆ ನಡೆದರು. ನಮ್ಮದೆಲ್ಲ ಮುಗಿದು, ದರ್ಭೆ ಬಿಚ್ಚಿ, ಕೈ ತೊಳೆದು ಬಂದರೂ ಬದರಿಯವರು ಕುಳಿತೇ ಇದ್ದರು. ತುಟಿ ಅಲುಗುತ್ತಿತ್ತು. ಹತ್ತಿರ ಹೋದಾಗ ಕೇಳಿಸಿದ್ದು ಕಿವಿಯ ಸಂಖ್ಯೆಗಳು, ಒಂದಾದ ಮೇಲೊಂದು, ಪ್ರತಿಯೊಂದಕ್ಕೂ ಒಂದು ಹನಿ ನೀರು.

ಲೋಕದ ಆರೋಗ್ಯಕ್ಕೆಂದು ನಡೆಯುವ ಕೆಲವು ಕೆಲಸಗಳನ್ನು ನಮಗಾಗಿ ಯಾರೋ ಮಾಡುತ್ತಾರೆ. ನಾವು ಮಾತ್ರೆ ನುಂಗಿ, ಮೇಲೊಂದು ಲೋಟ ನೀರು ಕುಡಿದು ದಿನ ಶುರುಮಾಡುತ್ತೇವೆ. ಅಂಥ ಕೆಲಸಗಳಲ್ಲಿ ಕಟುಹೃದಯದವರು ಬೇಗ ಮರೆಯುತ್ತಾರೆ, ಸೂಕ್ಷ್ಮ ಮನಸ್ಸಿನವರು ಬೇಗ ಬಿಟ್ಟು ಹೋಗುತ್ತಾರೆ. ಮೃದುವಾದ ಕೈಯುಳ್ಳ ಕೆಲವರು ಮಾತ್ರ, ತಾವು ಬಿಟ್ಟರೆ ಆ ಜಾಗಕ್ಕೆ ಒರಟು ಕೈಯೊಂದು ಬಂದೀತೆಂದು ಹೆದರಿ, ಕೊನೆಯವರೆಗೂ ಉಳಿಯುತ್ತಾರೆ. ಮೂಕಪ್ರಾಣಿಯ ನೋವನ್ನು ಅವರು ಎಷ್ಟು ಕಡಿಮೆ ಮಾಡುತ್ತಾರೋ ಅಷ್ಟೂ ಅವರ ಮೇಲೆಯೇ ಬಂದು ಕೂರುತ್ತದೆ. ಅವರು ಕ್ಷಮೆ ಕೇಳಬೇಕಾದವರಿಗೆ ಮಾತು ಬಾರದು. ಆದ್ದರಿಂದ, "ಆಯಿತು, ಹೋಗು," ಎಂದು ಅವರಿಗೆ ಯಾರೂ ಎಂದಿಗೂ ಹೇಳುವುದಿಲ್ಲ.