ಹ ಹಾಕಿಸಿದ ಮೇಷ್ಟ್ರು

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಸರ್ಕಾರಿ ಶಾಲೆಗೆ ನಾನು ಮುಖ್ಯ ಶಿಕ್ಷಕ. ಮುಖ್ಯ ಎನ್ನುವುದು ದೊಡ್ಡ ಮಾತು. ಐದು ತರಗತಿಗೆ ಸರ್ಕಾರ ಕೊಟ್ಟ ಮೇಷ್ಟ್ರು ನಾನೊಬ್ಬನೇ. ಅರ್ಧ ದಿನ ಮೀಟಿಂಗಿನಲ್ಲಿರುತ್ತೇನೆ, ಮಿಕ್ಕರ್ಧ ದಿನ ಮೀಟಿಂಗಿನ ವರದಿ ಬರೆಯುತ್ತೇನೆ. ಹಾಗಾಗಿ ನಮ್ಮ ಮಕ್ಕಳು ಓದಲು ಕಲಿತದ್ದು ಭಾಗ್ಯ ಅವರಿಂದ.

ಭಾಗ್ಯ ಸರ್ಕಾರದ ನೌಕರರಲ್ಲ. ಮೈಸೂರಿನ ಒಂದು ಪ್ರತಿಷ್ಠಾನ ನಮ್ಮಂಥ ಶಾಲೆಗಳಿಗೆ ಪುಸ್ತಕ ಕೊಟ್ಟು, ಓದು ಕಲಿಸಲೆಂದೇ ಒಬ್ಬ ಶಿಕ್ಷಕಿಯನ್ನು ನೇಮಿಸಿ, ಸಂಬಳವನ್ನೂ ತಾನೇ ಕೊಡುತ್ತದೆ. ವರ್ಷಕ್ಕೊಮ್ಮೆ ಅವರ ಕಡೆಯವರು ಬಂದು ಮಕ್ಕಳನ್ನು ಓದಿಸಿ ನೋಡುತ್ತಾರೆ. ಮಕ್ಕಳು ಓದಿದರೆ ಶಿಕ್ಷಕಿ ಉಳಿಯುತ್ತಾರೆ, ಇಲ್ಲದಿದ್ದರೆ ನೆರವು ಬೇರೆ ಶಾಲೆಗೆ ಹೋಗುತ್ತದೆ. ಗುಂಡ್ಲುಪೇಟೆಯಿಂದ ದಿನವೂ ಬಸ್ಸಿನಲ್ಲಿ ಬರುವ ಭಾಗ್ಯ ಅವರ ಮನೆ ನಡೆಯುವುದು ಈ ಕೆಲಸದಿಂದ.

ಈ ಸಲ ಪರೀಕ್ಷೆಗೆ ಅವರು ಮಕ್ಕಳನ್ನು ಚೆನ್ನಾಗಿ ತಯಾರು ಮಾಡಿದ್ದರು. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಅದೊಂದು ನನ್ನ ಕೈಲಾಗುವುದಿಲ್ಲ.

ನಮ್ಮ ಕಡೆಯವರ ನಾಲಿಗೆಗೆ ಹಕಾರ ಹತ್ತುವುದಿಲ್ಲ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ. ನಾನೂ ಇದೇ ಸೀಮೆಯ ಕುದೇರಿನವನೇ. ಶಿಕ್ಷಕರ ತರಬೇತಿಗೆಂದು ಮೈಸೂರಿಗೆ ಹೋದಾಗ ಎರಡು ವರ್ಷವೂ ನನ್ನ ಹೆಸರು 'ಆಲು' ಎಂದೇ ಆಗಿತ್ತು. ಮೈಸೂರಿನವರ ಮುಂದೆ ನನ್ನ ಮಕ್ಕಳಿಗೆ ಆ ಗತಿ ಬರಬಾರದು ಎಂದುಕೊಂಡು, ಒಂದು ವಾರ ದಿನಾ ಪ್ರಾರ್ಥನೆಯಾದ ಮೇಲೆ "ಹ ಹಾಕಿ, ಹ ಹಾಕಿ" ಎಂದು ಮಕ್ಕಳ ಪ್ರಾಣ ತೆಗೆದೆ.

"ಬುಟ್ಬುಡಿ ಸಾರ್, ಮಕ್ಳು ಅರ್ಥ ಮಾಡ್ಕಂಡು ಓದ್ತಾವೆ, ಸಾಕು" ಎಂದರು ಭಾಗ್ಯ.

"ನಿಮ್ಗೆ ಗೊತ್ತಾಗಕಿಲ್ಲ ಸುಮ್ಕಿರಿ ಮೇಡಂ" ಎಂದೆ. ಇಪ್ಪತ್ತು ವರ್ಷದ ಅನುಭವ ನೋಡಿ.

ಪ್ರತಿಷ್ಠಾನದ ಅಧಿಕಾರಿ ಬಂದರು. ಗಂಭೀರವಾದ ಹೆಂಗಸು. ಮೂರನೇ ತರಗತಿಯ ಬಿಂದುಶ್ರೀ ಕೈಗೆ ಒಂದು ಕಾರ್ಡು ಕೊಟ್ಟರು. 'ಅಜ್ಜಿ ಅಕ್ಕಿ ಆರಿಸಿದಳು' ಎಂದಿತ್ತು. ಹುಡುಗಿ ನನ್ನ ಮುಖ ನೋಡಿದಳು. ನಾನು ಹುರುಪಿನಿಂದ ತಲೆಯಾಡಿಸಿದೆ. ಅವಳು ಎದೆ ತುಂಬ ಉಸಿರೆಳೆದುಕೊಂಡು ಓದಿದಳು:

"ಹಜ್ಜಿ ಹಕ್ಕಿ ಹಾರಿಸಿದಳು."

ಅವಳ ನಂತರದವನು ಆನೆಯನ್ನು ಹಾನೆ ಮಾಡಿದ. ಅವನ ಪಕ್ಕದವಳು ಎಲೆಯನ್ನು ಹೆಲೆ ಮಾಡಿದಳು. ಅಧಿಕಾರಿ ಪೆನ್ನು ಕೆಳಗಿಟ್ಟರು.

"ಅಕ್ಷರಗಳೇ ಗೊತ್ತಿಲ್ವಲ್ಲ. ಭಾಗ್ಯ ಅವರೇ, ಒಂದು ವರ್ಷ ಕಲಿಸಿದ್ದು ಇದನ್ನೇನಾ?"

ಭಾಗ್ಯ ನನ್ನತ್ತ ನೋಡಿದರು. ನಾನು ಗೋಡೆಯ ಮೇಲಿನ ಭೂಪಟ ನೋಡಿದೆ. ತಪ್ಪು ನನ್ನದು ಎನ್ನಬೇಕಿತ್ತು. ಎರಡೇ ಪದ, ಅದರಲ್ಲಿ ಒಂದು ಹಕಾರವೂ ಇಲ್ಲ. ಆದರೂ ಬಾಯಿಗೆ ಬರಲಿಲ್ಲ. ಭಯವಾಗಿತ್ತು, ನಾಚಿಕೆಯೂ ಆಗಿತ್ತು.

ಬಿಂದುಶ್ರೀಯೇ ಬಾಯಿ ಬಿಟ್ಟಳು. "ಮಿಸ್ಸು ಇಂಗೆ ಯೋಳ್ಕೊಟ್ಟಿಲ್ಲ ಮೇಡಂ. ಎಡ್ ಮೇಷ್ಟ್ರು ಹ ಆಕಿ ಅಂದ್ರು, ಅದ್ಕೆ ಆಕ್ದೆ. ಅದು ಅಜ್ಜಿ ಅಕ್ಕಿ ಆರಿಸದು. ಕಲ್ಲು ತೆಗ್ಯದು."

ಅಧಿಕಾರಿ ನನ್ನ ಕಡೆ ತಿರುಗಿದರು. "ನಿಜಾನಾ?"

"ಔದು ಮೇಡಂ" ಎಂದೆ.

ಅವರು ನಕ್ಕುಬಿಟ್ಟರು. ನನ್ನನ್ನು ಹೊರಗೆ ಕೂರಿಸಿ, ಮಕ್ಕಳನ್ನು ಮತ್ತೆ ಮೊದಲಿಂದ ಓದಿಸಿದರು. ಕಿಟಕಿಯಿಂದ ಕೇಳಿಸುತ್ತಿತ್ತು, ಎಲ್ಲರೂ ಸರಾಗವಾಗಿ ಓದಿದರು. ಮುಂದಿನ ವರ್ಷವೂ ಭಾಗ್ಯ ಇಲ್ಲೇ ಇರುತ್ತಾರೆ ಎಂದು ಹೇಳಿ ಅಧಿಕಾರಿ ಕಾರು ಹತ್ತಿದರು.

ಸಂಜೆ ಬಸ್ ಸ್ಟಾಪಿನಲ್ಲಿ ಭಾಗ್ಯ ಕೇಳಿದರು, "ಸಾರ್, ಆ ಮಗು ಬಾಯಿ ಬುಡ್ದೆ ಇದ್ದಿದ್ರೆ ನೀವು ಯೋಳ್ತಿದ್ರಾ?"

ಅಷ್ಟರಲ್ಲಿ ಗುಂಡ್ಲುಪೇಟೆ ಬಸ್ಸು ಬಂತು. "ಸೀಟು ಖಾಲಿ ಅವೆ, ಬಿರ್ನೆ ಅತ್ಕಳಿ" ಎಂದೆ. ಅವರು ಹತ್ತಲಿಲ್ಲ. ಬಸ್ಸು ಹೊರಟುಹೋಯಿತು.

"ಇಲ್ಲ ಕಣಮ್ಮ" ಎಂದೆ. "ಯೋಳ್ತಿರ್ನಿಲ್ಲ."

ಭಾಗ್ಯ ಮುಂದಿನ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತರು. ನಾನೂ ಸ್ವಲ್ಪ ದೂರದಲ್ಲಿ ಕೂತೆ.