ಸಿಂಧುವಿನ ಕತ್ತಿನ ಸುಟ್ಟಗಾಯ

ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಸಿಂಧುವಿನ ಕತ್ತಿನ ಮೇಲೆ ಕಡಲೆಕಾಳಿನಷ್ಟು ದಪ್ಪದ ನರಹುಲಿಯೊಂದಿತ್ತು. ತಾಳಿಸರ ಉಜ್ಜಿದಾಗೆಲ್ಲ ರಕ್ತ ಬರುತ್ತಿತ್ತು. ದೊಡ್ಡಬಳ್ಳಾಪುರದ ಒಂದು ಕ್ಲಿನಿಕ್‌ನಲ್ಲಿ ಲೇಸರ್ ಹಿಡಿದು ಐದೇ ನಿಮಿಷಕ್ಕೆ ತೆಗೆಯುತ್ತಾರೆಂದು ಕೇಳಿ, ಒಂದು ಭಾನುವಾರ ಹೋದಳು.

ಅಂದು ಡಾಕ್ಟರು ಬಂದಿರಲಿಲ್ಲ. ಬಾಗಿಲ ಬಳಿ ಕೂತು ಬಂದವರ ಹೆಸರು ಬರೆದುಕೊಳ್ಳುವ ಮಂಜೇಶನೇ ಕೈಗವಸು ತೊಟ್ಟು ಒಳಗೆ ಬಂದ. ಮರಗಟ್ಟಿಸುವ ಮುಲಾಮು ಹಚ್ಚಿ, ಅವಳ ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ. ಕೂದಲು ಸುಟ್ಟಂಥ ವಾಸನೆ ಬಂತು. ಆಮೇಲೆ ಉರಿ ಆಳಕ್ಕಿಳಿಯಿತು. ಸಾಕು ಎಂದರೂ, ಬೇರು ಉಳಿದಿದೆಯೆಂದು ಅವನು ಅದೇ ಜಾಗಕ್ಕೆ ಲೇಸರ್ ಹಿಡಿದೇ ಇದ್ದ.

ಹತ್ತು ದಿನದಲ್ಲಿ ಗಾಯ ಅಗಲವಾಗಿ ಕೀವು ಕಟ್ಟಿತು. ಎರಡು ತಿಂಗಳಿಗೆ ಅದು ಮಾಗಿ, ಹಗ್ಗದಂತೆ ಗಟ್ಟಿಯಾದ ಕಲೆಯಾಯಿತು. ಎಡಕ್ಕೆ ತಿರುಗಿದರೆ ಕತ್ತು ಎಳೆಯುತ್ತಿತ್ತು. ಕ್ಲಿನಿಕ್‌ನಲ್ಲಿ ಕೇಳಿದರೆ, ಅವಳ ಚರ್ಮವೇ ಹಾಗೆ, ಬಿಸಿಲಿನಲ್ಲಿ ಓಡಾಡಿರಬೇಕು ಎಂದರು. ದಿನವಿಡೀ ಕಾರ್ಖಾನೆಯ ಸೂರಿನಡಿ ನಿಂತು ದುಡಿಯುವವಳಿಗೆ ಆ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು.

ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಅಕ್ಷತ ಕಲೆಯನ್ನು ಒತ್ತಿ ನೋಡಿದರು. ಲೇಸರ್ ಬೆಳಕು ಮಾಂಸದೊಳಗಿನ ನೀರನ್ನು ಕುದಿಸಿ ಆವಿ ಮಾಡುತ್ತದೆ, ಪಳಗಿದವರು ತೆಳ್ಳಗೆ ಪದರ ತೆಗೆದು, ನಡುನಡುವೆ ತಣಿಯಲು ಬಿಡುತ್ತಾರೆ, ಒಂದೇ ಕಡೆ ಹಿಡಿದರೆ ಸುತ್ತಲಿನ ಒಳ್ಳೆಯ ಮಾಂಸವೂ ಬೆಂದುಹೋಗುತ್ತದೆ ಎಂದು ವಿವರಿಸಿದರು.

“ಹಂಗಾದ್ರೆ ತಪ್ಪು ನನ್ ಚರ್ಮದ್ದಲ್ಲ ಅಲ್ವಾ ಮೇಡಂ?”

“ಕೆಲವ್ರಿಗೆ ಕಲೆ ದಪ್ಪ ಆಗುತ್ತೆ, ಅದು ನಿಜ. ಆದ್ರೆ ಇಷ್ಟು ಆಳಕ್ಕೆ ಸುಟ್ಟಿರೋದು ಮಿಷಿನ್ ಹಿಡಿದೋರ ಕೈಯಮ್ಮ.”

“ಅದನ್ನೇ ಬರ್ದು ಕೊಡಿ.”

ಗಂಡ ನವೀನ್‌ಕುಮಾರ್, ಆಗಿದ್ದು ಆಯಿತು, ಅಂಥವರ ಸಹವಾಸ ಬೇಡ ಎಂದ. ಸುಟ್ಟಿದ್ದು ಅವನ ಕತ್ತಲ್ಲವಲ್ಲ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಡಾಕ್ಟರ್ ಬರೆದುಕೊಟ್ಟ ಚೀಟಿ ಲಗತ್ತಿಸಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ದೂರು ಕೊಟ್ಟಳು. ಮರುದಿನ ಮೊದಲ ಶಿಫ್ಟ್ ಮುಗಿಸಿ ನೇರ ಕ್ಲಿನಿಕ್‌ಗೆ ಹೋದಳು. ಮದುವೆ ಗೊತ್ತಾದ ಹುಡುಗಿಯೊಬ್ಬಳು ಕೆನ್ನೆಯ ಮಚ್ಚೆ ತೆಗೆಸಲು ತಾಯಿಯ ಜೊತೆ ಕೂತಿದ್ದಳು. ಮಂಜೇಶ್ ಹೆಸರು ಬರೆದುಕೊಳ್ಳುತ್ತಿದ್ದ. ಸಿಂಧು ಕತ್ತಿನ ದುಪಟ್ಟಾ ಸರಿಸಿ ಆ ತಾಯಿಯ ಮುಂದೆ ನಿಂತಳು.

“ನೋಡಮ್ಮ, ಇದು ಇಲ್ಲೇ ಆಗಿದ್ದು. ಲೇಸರ್ ಹಿಡಿಯೋದು ಡಾಕ್ಟ್ರೇನಾ ಅಂತ ಕೇಳ್ಕೊಂಡು ಮಗಳನ್ನ ಒಳಗೆ ಕಳ್ಸಿ.”

ಮಂಜೇಶ್ ಹೊರಗೆ ನಡೆಯಿರಿ ಎಂದು ಗದರಿದ. ತಾಯಿ ಅವನನ್ನೇ ಕೇಳಿದಳು, ಡಾಕ್ಟರು ಎಲ್ಲಿ ಎಂದು. ಅವನು ಪುಸ್ತಕ ತಿರುವತೊಡಗಿದ. ಆಕೆ ಮಗಳ ಕೈ ಹಿಡಿದು ಮೆಟ್ಟಿಲಿಳಿದಳು.

ಇಪ್ಪತ್ತು ದಿನದ ಮೇಲೆ ಅಧಿಕಾರಿಗಳು ಬಂದು ಲೇಸರ್ ಕೋಣೆಗೆ ಬೀಗಮುದ್ರೆ ಹಾಕಿದರು. ಕ್ಲಿನಿಕ್‌ನವರು ರಾಜಿಗೆ ಕರೆದಾಗ ಸಿಂಧು ಹೋಗಲಿಲ್ಲ. ಈಗ ತಿಂಗಳಿಗೊಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ಕಲೆಯೊಳಗೇ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾಳೆ. ಕೊಂಚ ಮೆತ್ತಗಾಗಿದೆ, ಪೂರ್ತಿ ಹೋಗುವುದಿಲ್ಲವಂತೆ.